ಎಪ್ಪತ್ತೈದಾದ ಮೇಲೆ

ಶಿಡ್ಲಘಟ್ಟ, 4 ಜನವರಿ 2008

ಮೂವತ್ತು ವರ್ಷ ಗೂಡಿನ ಮಾರುಕಟ್ಟೆಯಿಂದ ಮನೆಗೆ ಬಂದ ತಕ್ಷಣ ಡೈರಿಯಲ್ಲಿ ಅವತ್ತಿನ ದರ ಬರೆದವನು ನಾನು. ಮಂಡಿಕಲ್ ಕಡೆಯ ರೇಷ್ಮೆಗೂಡು ಎಷ್ಟಕ್ಕೆ ಹೋಯಿತು, ಚಿಂತಾಮಣಿ ಕಡೆಯದು ಎಷ್ಟಕ್ಕೆ ಹೋಯಿತು, ಅಷ್ಟೇ. ಹೋದ ತಿಂಗಳು ನೂಲು ತೆಗೆಯುವ ಶೆಡ್ಡು ಮಾರಿಬಿಟ್ಟೆ. ಈಗ ಬರೆಯಲು ದರವಿಲ್ಲ, ಕೈ ಮಾತ್ರ ಸುಮ್ಮನಿರುವುದಿಲ್ಲ. ಅದಕ್ಕೇ ಇದು.

ಮಾರಿದ್ದು ಖುಷಿಗಲ್ಲ. ಗೂಡು ಬೇಯಿಸುವ ಹಬೆಯನ್ನು ಇನ್ನೆರಡು ವರ್ಷ ಕುಡಿದರೆ ಉಸಿರೇ ಉಳಿಯುವುದಿಲ್ಲ ಎಂದು ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿದರು. ನನಗೆ ಐವತ್ತೆಂಟು. ನನ್ನ ಹೆಂಡತಿ ಗಂಗುಲಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಕೆಲಸದವರು ಕೈಕೊಟ್ಟ ದಿನವೆಲ್ಲ ಬಿಸಿನೀರಿನ ಬೇಸಿನ್ ಮುಂದೆ ಕೂತು ಎಳೆ ತೆಗೆದವಳು ಅವಳೇ. ಬೆರಳ ತುದಿಯೆಲ್ಲ ಬೆಳ್ಳಗೆ ಬೆಂದು ಬಿರುಕುಬಿಟ್ಟಿದೆ. ಉಪ್ಪಿನಕಾಯಿ ಮುಟ್ಟಿದರೆ ಉರಿ ಅನ್ನುತ್ತಾಳೆ. ಹೋಗಲಿ, ಇನ್ನು ಆ ಕಷ್ಟವಿಲ್ಲ.

ನಮಗೆ ಮಕ್ಕಳಿಲ್ಲ. ನಾನು ಸರ್ಕಾರಿ ನೌಕರನೂ ಅಲ್ಲ, ತಿಂಗಳು ತಿಂಗಳು ಪಿಂಚಣಿ ಬರಲು. ಶೆಡ್ಡು ಮಾರಿದ ದುಡ್ಡಿನಲ್ಲಿ ನನ್ನ ಪಿಂಚಣಿಯನ್ನು ನಾನೇ ಮಾಡಿಕೊಳ್ಳಬೇಕು. ಮಾರುಕಟ್ಟೆಯಲ್ಲಿ ಹುಟ್ಟಿ ಮಾರುಕಟ್ಟೆಯಲ್ಲಿ ಬೆಳೆದವನಿಗೆ ಇದೇನು ಮಹಾ.

9 ಜನವರಿ

ನಾಗರಾಜ್ ಬಂದಿದ್ದ. ಚಿಕ್ಕಬಳ್ಳಾಪುರದವನು. ವಿಮೆ, ಮ್ಯೂಚುವಲ್ ಫಂಡು ಎಲ್ಲ ಮಾಡಿಸಿಕೊಡುತ್ತಾನೆ. ಒಳ್ಳೆಯ ಮನುಷ್ಯ, ಆದರೆ ಹೆದರುಪುಕ್ಕಲ. "ಅರ್ಧ ಅಂಚೆ ಕಚೇರೀಲಿ ಇಡಿ ಯಜಮಾನ್ರೆ, ಅರ್ಧ ಫಂಡಲ್ಲಿ ಹಾಕಿ ಮರೆತುಬಿಡಿ," ಎಂದ.

ಮರೆಯಬೇಕಂತೆ. ದುಡ್ಡು ಹಾಕಿ ಮರೆಯುವವನು ಯಾವ ವ್ಯಾಪಾರಸ್ಥ? ಊರೆಲ್ಲ ಶೇರು ಶೇರು ಅನ್ನುತ್ತಿದೆ. ಒಂದು ಲಕ್ಷ ಆಸ್ಪತ್ರೆ ಖರ್ಚಿಗೆಂದು ಬ್ಯಾಂಕಿನಲ್ಲಿಟ್ಟು, ಉಳಿದ ಐದು ಲಕ್ಷವನ್ನೂ ಫಂಡಿಗೆ ಹಾಕು ಎಂದೆ. ಹತ್ತು ಹದಿನೈದು ಫಂಡಿನ ಹೆಸರು ಹೇಳಿದ. ನಾನು ಕೇಳಿದೆ: "ಒಳಗೇನಿದೆ, ಒಂದು ಹಿಡಿ ತೋರ್ಸಪ್ಪ." ಗೂಡಾದರೆ ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತೇವೆ, ಒಂದನ್ನು ಕೊಯ್ದು ಹುಳ ನೋಡುತ್ತೇವೆ. ಅವನು ಕಂಪನಿಗಳ ಹೆಸರಿದ್ದ ಒಂದು ಹಾಳೆ ಕೊಟ್ಟ. ರಸ್ತೆ, ಸೇತುವೆ ಕಟ್ಟುವ ಕಂಪನಿಗಳದ್ದೇ ಒಂದು ಫಂಡು ಇತ್ತು, ಹೋದ ವರ್ಷ ದುಪ್ಪಟ್ಟಾಗಿದೆ. ಅದೇ ಆಗಲಿ ಎಂದೆ.

ಅವನು ಹೋದ ಮೇಲೆ ಇಲ್ಲೇ ಲೆಕ್ಕ ಹಾಕಿದೆ. ನನಗೆ ಎಪ್ಪತ್ತೈದು ವರ್ಷ ಆಯುಸ್ಸು ಅಂತ ಇಟ್ಟುಕೊಂಡರೆ ಇನ್ನು ಹದಿನೇಳು ವರ್ಷ. ತಿಂಗಳಿಗೆ ಇಷ್ಟು ತೆಗೆದರೆ ಎಪ್ಪತ್ತೈದಕ್ಕೆ ಸರಿಯಾಗಿ ಸೊನ್ನೆ. ಗಂಗುಲಮ್ಮನಿಗೆ ಜೋರಾಗಿ ಓದಿ ಹೇಳಿದೆ.

"ಆಮೇಲೆ?" ಅಂದಳು.

"ಆಮೇಲೆ ಏನೇ, ನಾನೇ ಇರಲ್ವಲ್ಲ."

ನನಗೇ ನಗು ಬಂತು. ಅವಳು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ತಮಾಷೆ ಅವಳಿಗೆ ಮೊದಲಿಂದಲೂ ಅರ್ಥವಾಗುವುದಿಲ್ಲ.

22 ಜನವರಿ

ನಿನ್ನೆ ಇವತ್ತು ಎರಡೂ ದಿನ ಶೇರು ಮಾರ್ಕೆಟ್ ಬಿದ್ದಿದೆ. ಪೇಪರಿನಲ್ಲಿ ತಲೆ ಮೇಲೆ ಕೈಹೊತ್ತು ಕೂತವರ ಫೋಟೋ. ನಾಗರಾಜನಿಗೆ ಫೋನು ಮಾಡಿ ಮಾರು ಎಂದೆ. ಕಾಯಿರಿ ಎಂದ. ಅವನಿಗೇನು ಗೊತ್ತು? ಗೂಡು ತಂದ ರೀಲರು ವಾರದೊಳಗೆ ಬೇಯಿಸಿ ನೂಲು ತೆಗೆಯಬೇಕು. ಸ್ವಲ್ಪ ತಡವಾದರೂ ಒಳಗಿನ ಹುಳ ಚಿಟ್ಟೆಯಾಗಿ ಗೂಡು ಕೊರೆದುಕೊಂಡು ಹೊರಗೆ ಬರುತ್ತದೆ. ತೂತುಬಿದ್ದ ಗೂಡಲ್ಲಿ ನೂಲು ಬರುವುದಿಲ್ಲ, ಹಾಕಿದ ದುಡ್ಡು ನೀರಿಗೆ. ಇಟ್ಟುಕೊಂಡು ಉದ್ಧಾರವಾದ ರೀಲರನ್ನು ನಾನು ನೋಡಿಲ್ಲ.

ಮಾರಿಸಿದೆ. ಐದರಲ್ಲಿ ಒಂದು ಪಾಲು ಹೋಯಿತು. ಗಂಗುಲಮ್ಮನಿಗೆ ಹೇಳಲಿಲ್ಲ. ಹೆಂಗಸರು ಸುಮ್ಮನೆ ಗಾಬರಿಯಾಗುತ್ತಾರೆ.

11 ಫೆಬ್ರವರಿ

ಬೇರೆ ಫಂಡು ತೆಗೆದುಕೊಂಡೆ. ಔಷಧಿ ಕಂಪನಿಗಳದ್ದು. ಕಾಯಿಲೆ ನಿಲ್ಲುವುದಿಲ್ಲವಲ್ಲ.

5 ಮಾರ್ಚ್

ಅದನ್ನೂ ಮಾರಿದೆ.

27 ಏಪ್ರಿಲ್

ಈ ವರ್ಷ ಗಂಗುಲಮ್ಮ ಮಾವಿನಕಾಯಿ ಉಪ್ಪಿನಕಾಯಿ ಬರಿಗೈಯಲ್ಲಿ ಕಲಸಿದಳು. ಮದುವೆಯಾಗಿ ಬಂದ ಹೊಸದರಲ್ಲಿ ಕಲಸಿದ್ದು ಬಿಟ್ಟರೆ ಇದೇ. ಬೆರಳು ಪೂರ್ತಿ ವಾಸಿಯಾಗಿದೆ. ಕೈ ಮುಂದೆ ಚಾಚಿ, "ನೋಡ್ರೀ, ಮದುವೆ ಹೆಣ್ಣಿನ ಕೈ ಥರ ಆಗಿದೆ," ಎಂದು ನಕ್ಕಳು. "ಮದುವೆ ಹೆಣ್ಣು ಇಷ್ಟು ಖಾರ ಹಾಕ್ತಿರಲಿಲ್ಲ ಕಣೇ," ಎಂದೆ. ಆದರೂ ಎರಡು ಹೋಳು ತಿಂದೆ. ಖುಷಿಯಾಯಿತು. ಕೆಮ್ಮೂ ಇಲ್ಲ, ನಡುವೆ ಎಚ್ಚರವಾಗದೆ ನಿದ್ದೆ ಬರುತ್ತಿದೆ.

ಫಂಡಿನ ವಿಷಯ ಬರೆಯುವಂಥದ್ದೇನಿಲ್ಲ.

19 ಜೂನ್

ನಾಗರಾಜ್ ಇವತ್ತು ನನ್ನ ಮೇಲೇ ರೇಗಿದ. ಅವನು ರೇಗಿದ್ದನ್ನು ನೋಡಿದ್ದು ಇದೇ ಮೊದಲು.

"ಯಜಮಾನ್ರೆ, ಇದು ಐದನೇ ಸಲ ನೀವು ಫಂಡು ಬದಲಾಯಿಸ್ತಿರೋದು. ಒಳಗೆ ಹೋಗೋವಾಗ ಸ್ವಲ್ಪ ಕಟ್ ಆಗುತ್ತೆ, ಹೊರಗೆ ಬರೋವಾಗ ಸ್ವಲ್ಪ ಕಟ್ ಆಗುತ್ತೆ. ಒಂದೊಂದು ಸಲಕ್ಕೂ ನಂಗೆ ಕಮಿಷನ್ ಬರುತ್ತೆ. ಇದ್ರಲ್ಲಿ ಉದ್ಧಾರ ಆಗ್ತಿರೋನು ನಾನೊಬ್ನೇ."

"ಮತ್ತೆ ಬಿದ್ದು ಹೋಗೋದನ್ನ ಕಟ್ಟಿಕೊಂಡು ಕೂತಿರ್ಲಾ?"

"ಇದು ಗೂಡಲ್ಲ ಸ್ವಾಮಿ. ಇದು ಹಿಪ್ಪುನೇರಳೆ ಗಿಡ. ಬೇರು ಬಿಡೋಕೆ ಟೈಮು ಕೊಡ್ಬೇಕು."

ಹಿಪ್ಪುನೇರಳೆಯ ವಿಷಯ ಶಿಡ್ಲಘಟ್ಟದವನಿಗೆ ಚಿಕ್ಕಬಳ್ಳಾಪುರದವನು ಹೇಳಿಕೊಡುತ್ತಾನೆ. ಜಿಲ್ಲಾ ಕೇಂದ್ರ ಆದ ಮೇಲೆ ಅವರಿಗೆಲ್ಲ ಸ್ವಲ್ಪ ಜಾಸ್ತಿಯಾಗಿದೆ.

10 ಆಗಸ್ಟ್

ನಾಗರಾಜ್ ಹೊಸದೊಂದು ದಾರಿ ಹೇಳಿದ. ವಿಮೆ ಕಂಪನಿಗೆ ಒಟ್ಟಿಗೇ ದುಡ್ಡು ಕಟ್ಟಿಬಿಟ್ಟರೆ ಸಾಯುವ ತನಕ ತಿಂಗಳು ತಿಂಗಳು ಪಿಂಚಣಿ ಕೊಡುತ್ತಾರಂತೆ. ಮಾರುಕಟ್ಟೆ ಏರಲಿ ಬೀಳಲಿ, ನಮಗೆ ಸಂಬಂಧವಿಲ್ಲ. ಊಟದ ಹೊತ್ತು, ಗಂಗುಲಮ್ಮ ಬಡಿಸುತ್ತಿದ್ದಳು. ಅವನಿಗೂ ಎಲೆ ಹಾಕಿದ್ದಳು.

"ಇದ್ರಲ್ಲಿ ಎರಡು ಥರ ಯಜಮಾನ್ರೆ. ಒಂದು, ನೀವಿರೋ ತನಕ ಬರುತ್ತೆ, ಅಲ್ಲಿಗೆ ಮುಗೀತು. ಇನ್ನೊಂದು, ನಿಮ್ಮ ನಂತರ ಅಮ್ಮೋರಿಗೂ ಬರುತ್ತೆ. ಎರಡನೇದ್ರಲ್ಲಿ ತಿಂಗಳಿಗೆ ಕೈಗೆ ಸಿಗೋದು ಸ್ವಲ್ಪ ಕಮ್ಮಿ."

"ಜಾಸ್ತಿ ಕೊಡೋದು ಬಿಟ್ಟು ಕಮ್ಮಿ ಕೊಡೋದನ್ನ ಯಾವ ಹುಚ್ಚ ತಗೋತಾನಪ್ಪ? ಮೊದಲನೇದೇ ಇರ್ಲಿ. ಆದ್ರೆ ಈಗಲ್ಲ, ಹೋಗಿರೋದು ವಾಪಸ್ ಬರ್ಲಿ. ದೀಪಾವಳಿ ಕಳೀಲಿ."

ನಾಗರಾಜ್ ಗಂಗುಲಮ್ಮನ ಕಡೆ ನೋಡಿದ. ಅವಳು ಅವನ ಎಲೆಗೆ ಇನ್ನೊಂದು ಸೌಟು ಸಾರು ಹಾಕಿ, "ಊಟ ಮಾಡಪ್ಪ, ಆರೋಗುತ್ತೆ," ಅಂದಳು.

18 ಆಗಸ್ಟ್

ವರಮಹಾಲಕ್ಷ್ಮಿ ಹಬ್ಬ ಮುಗಿದದ್ದೇ ಗಂಗುಲಮ್ಮನಿಗೆ ಹೊಸ ಕೆಲಸ. ನನ್ನ ಸ್ನೇಹಿತ ಕೋನಪ್ಪನ ಹೆಂಡತಿ ಶ್ಯಾಮಲಮ್ಮನಿಗೆ ಮಂಡಿ ನೋವಂತೆ, ಎದ್ದು ಓಡಾಡಲು ಆಗುವುದಿಲ್ಲವಂತೆ. ಅವರ ಮನೆಗೆಲಸಕ್ಕೆ ಸಹಾಯ ಮಾಡಿ ಬರುತ್ತೇನೆ ಎಂದು ಬೆಳಿಗ್ಗೆ ತಿಂಡಿ ಮಾಡಿಟ್ಟು ಹೋಗುತ್ತಾಳೆ, ಮಧ್ಯಾಹ್ನ ಬರುತ್ತಾಳೆ. ಹೋಗಲಿ, ಮನೆಯಲ್ಲಿ ಕೂತು ಅವಳಿಗೂ ಬೇಸರ. ಕೋನಪ್ಪ ನನ್ನ ಜೊತೆ ಮೂವತ್ತು ವರ್ಷ ಗೂಡಿನ ಹರಾಜಿಗೆ ಬಂದವನು, ಅವನ ಶೆಡ್ಡು ಇನ್ನೂ ನಡೆಯುತ್ತಿದೆ. ಮಹರಾಯ, ಗಟ್ಟಿ ಶ್ವಾಸಕೋಶ.

11 ಅಕ್ಟೋಬರ್

ಬರೆಯಲು ಮನಸ್ಸಿಲ್ಲ. ಅಮೆರಿಕದಲ್ಲಿ ಯಾವುದೋ ಬ್ಯಾಂಕು ಮುಳುಗಿದರೆ ಶಿಡ್ಲಘಟ್ಟದಲ್ಲಿ ನನ್ನ ದುಡ್ಡು ಯಾಕೆ ಕರಗಬೇಕು? ಎಲ್ಲ ಮಾರಿದೆ. ಐದರಲ್ಲಿ ಮೂರು ಲಕ್ಷ ಚಿಲ್ಲರೆ ಉಳಿದಿದೆ. ಇನ್ನು ಇದನ್ನು ಮುಟ್ಟುವುದಿಲ್ಲ.

28 ಅಕ್ಟೋಬರ್

ದೀಪಾವಳಿ. ಗಂಗುಲಮ್ಮ ತಲೆಗೆ ಎಣ್ಣೆ ಒತ್ತಿದಳು, ಸೀಗೆಪುಡಿ ಮಾತ್ರ ನೀವೇ ಹಚ್ಚಿಕೊಳ್ಳಿ ಎಂದಳು. ಮದುವೆಯಾದಾಗಿನಿಂದ ಹಬ್ಬದ ದಿನ ಬೆನ್ನು ಉಜ್ಜಿದವಳು. ಈಗ ಕೋನಪ್ಪನ ಮನೆಯ ಚಾಕರಿ ಮಾಡಿ ಗಂಡನ ಚಾಕರಿ ಬೇಡವಾಗಿದೆ. ಮಧ್ಯಾಹ್ನ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿಕೊಡಿ ಎಂದು ನನ್ನನ್ನೇ ಕೂರಿಸಿದಳು. ಊಟಕ್ಕೆ ಕೂತರೆ ಚಮಚದಲ್ಲಿ ತಿನ್ನುತ್ತಾಳೆ.

"ಇದ್ಯಾವಾಗಿಂದ ದೊರೆಸಾನಿ ಆದೆ?" ಎಂದೆ.

"ಕಾಲ ಬದಲಾಗ್ತಿದೆ ಕಣ್ರಿ," ಅಂದಳು.

3 ಡಿಸೆಂಬರ್

ಕೆಮ್ಮು ಮತ್ತೆ ಶುರುವಾಗಿದೆ. ಮಧ್ಯಾಹ್ನ ಊಟದ ಹೊತ್ತಿಗೇ ಜಾಸ್ತಿ. ಬೆಂದ ಹುಳದ ವಾಸನೆ ಮನೆಯೊಳಗೇ ಬಂದ ಹಾಗಿರುತ್ತದೆ. ಪಕ್ಕದ ಬೀದಿಯಲ್ಲಿ ಯಾರೋ ಹೊಸದಾಗಿ ಶೆಡ್ಡು ಹಾಕಿರಬೇಕು. ಪುರಸಭೆಗೆ ಅರ್ಜಿ ಬರೆಯುತ್ತೇನೆ ಎಂದೆ. ಗಂಗುಲಮ್ಮ, "ಬ್ಯಾಡ ಬಿಡಿ, ಪಾಪ, ಯಾರದೋ ಹೊಟ್ಟೆಪಾಡು," ಎಂದಳು. ಈಗೀಗ ಬಂದ ತಕ್ಷಣ ಸ್ನಾನಕ್ಕೆ ಹೋಗುತ್ತಾಳೆ. ಮೊದಲು ನನಗೆ ಬಡಿಸಿ ಆಮೇಲೆ ಉಳಿದದ್ದು ಎಂದರೆ ಕೇಳುವುದಿಲ್ಲ.

12 ಜನವರಿ 2009

ಸಂಕ್ರಾಂತಿಗೆ ಕಬ್ಬು ತರಲು ಸಂತೆಗೆ ಹೋಗಿದ್ದೆ. ಎದುರಿಗೆ ಶ್ಯಾಮಲಮ್ಮ ಬಂದರು. ಒಂದು ಕೈಯಲ್ಲಿ ಕಬ್ಬಿನ ಜಲ್ಲೆ, ಇನ್ನೊಂದರಲ್ಲಿ ಕುಂಬಳಕಾಯಿ, ಹೆಜ್ಜೆ ಮಾತ್ರ ಹದಿನೆಂಟರ ಹುಡುಗಿಯದು.

"ಮಂಡಿ ನೋವು ಹೇಗಿದೆ ತಾಯಿ?" ಎಂದೆ.

"ನನ್ನ ಮಂಡಿಗೇನಾಗಿದೆ ಅಣ್ಣಾ?" ಎಂದರು. ಎಂದವರು ನನ್ನ ಮುಖ ನೋಡಿ, ಸೆರಗಲ್ಲಿ ಬಾಯಿ ಮುಚ್ಚಿಕೊಂಡರು.

ಕಬ್ಬು ಕೊಳ್ಳಲಿಲ್ಲ. ನೆಟ್ಟಗೆ ಕೋನಪ್ಪನ ಶೆಡ್ಡಿಗೆ ಹೋದೆ. ವರ್ಷದ ಮೇಲಾಗಿತ್ತು ಇಂಥ ಶೆಡ್ಡಿನೊಳಗೆ ಕಾಲಿಟ್ಟು. ಹಬೆಯಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಳು. ಸಾಲಿನ ಕೊನೆಯ ಬೇಸಿನ್ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಗಂಗುಲಮ್ಮ ಕೂತಿದ್ದಳು, ಕುದಿನೀರಿನಲ್ಲಿ ಬೆರಳಾಡಿಸುತ್ತ.

ಬೈಯಬೇಕೆಂದು ಬಾಯಿ ತೆರೆದರೆ ಕೆಮ್ಮು ನುಗ್ಗಿತು. ಗೋಡೆ ಹಿಡಿದು ನಿಂತೆ. ಉಸಿರು ಒಳಗೂ ಹೋಗದು, ಹೊರಗೂ ಬಾರದು. ಅವಳೇ ಎದ್ದು ಓಡಿ ಬಂದು ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು. "ನಿಮಗೆ ಬುದ್ಧಿ ಇದ್ಯಾ? ಡಾಕ್ಟರು ಏನು ಹೇಳಿದ್ರು? ಇಲ್ಲಿಗೆ ಯಾಕೆ ಬಂದ್ರಿ?" ಎಂದು ನನ್ನನ್ನೇ ಬೈದಳು. ಬೆನ್ನು ಸವರುತ್ತಿದ್ದ ಕೈ ಒದ್ದೆಯಿತ್ತು, ಬಿಸಿಯಿತ್ತು.

ಕೋನಪ್ಪ ಬಂದು ತಲೆ ತಗ್ಗಿಸಿ ನಿಂತ. "ಅನ್ನಾ, ನೇನೇಂ ಚೇಸೇದಿ, ನಾನೇನು ಮಾಡ್ಲಿ? ಅತ್ತಿಗೆನೇ ಕೆಲ್ಸ ಕೊಡಪ್ಪಾ ಅಂತ ಕೇಳಿದ್ರು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ನಿನಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡ್ರು." ಅವನ ಮೇಲೆ ನನಗೆ ಸಿಟ್ಟೇ ಬರಲಿಲ್ಲ.

13 ಜನವರಿ

ನಿನ್ನೆ ಬರೆಯುತ್ತಾ ನಿಲ್ಲಿಸಿದೆ. ಮನೆಗೆ ಬಂದ ಮೇಲೆ ನಡೆದದ್ದನ್ನು ಬರೆಯಬೇಕು.

"ಫಂಡಲ್ಲಿ ದುಡ್ಡು ಹೋಯ್ತು ಅಂತ ತಾನೇ ಹೋಗಿದ್ದು? ಯಾರು ಹೇಳಿದ್ರು ನಿಂಗೆ?" ಎಂದು ಕೇಳಿದೆ.

"ದುಡ್ಡು ಹೋಗಿದ್ದು ಹೋದ ಜನವರೀಲೇ ಗೊತ್ತು. ವ್ಯಾಪಾರದಲ್ಲಿ ಏಟು ತಿಂದ ದಿನ ನೀವು ಅನ್ನಕ್ಕೆ ಎರಡು ಸಲ ಉಪ್ಪು ಹಾಕ್ಕೋತೀರ. ಈ ವರ್ಷ ಎಷ್ಟು ಸಲ ಹಾಕ್ಕೊಂಡ್ರಿ ನೆನಪಿದ್ಯಾ?"

"ಮತ್ತೆ ಯಾಕೆ ಹೋದೆ?"

ಅವಳು ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ನನ್ನ ಕಡೆ ನೋಡದೆ ಹೇಳಿದಳು.

"ದುಡ್ಡು ಹೋದ್ರೆ ಹೋಯ್ತು, ನೀವು ದುಡಿದಿದ್ದು, ನೀವು ಕಳೆದ್ರಿ. ಆದ್ರೆ ನೀವು ಲೆಕ್ಕನ ಎಪ್ಪತ್ತೈದಕ್ಕೆ ನಿಲ್ಲಿಸಿಬಿಟ್ರಿ. ಅವತ್ತಿಗೆ ನಂಗೆ ಅರವತ್ತಾರು. ಆಮೇಲೆ ಅಂತ ಕೇಳಿದ್ರೆ ನಕ್ರಿ. ನಾಗರಾಜಪ್ಪ ಎರಡು ಥರ ಇದೆ ಅಂದಾಗ್ಲೂ ನಿಮಗೆ ನಾನು ಕಾಣಿಸ್ಲಿಲ್ಲ, ಪಕ್ಕದಲ್ಲೇ ಸಾರಿನ ಪಾತ್ರೆ ಹಿಡ್ಕೊಂಡು ನಿಂತಿದ್ದೆ. ಅದಕ್ಕೆ ಕೈಲಾಗೋವಾಗ್ಲೇ ಒಂದಿಷ್ಟು ಮಾಡ್ಕೊಳ್ಳಣ ಅಂತ ಅಂಚೆ ಕಚೇರೀಲಿ ತಿಂಗಳು ತಿಂಗಳು ಕಟ್ತಿದ್ದೀನಿ. ನಂಗೂ ಮುಪ್ಪು ಬರುತ್ತೆ ಕಣ್ರಿ."

ಸಿಟ್ಟಿನಿಂದ ಹೇಳಿದ್ದರೆ ನಾನೂ ಎದುರು ಮಾತಾಡುತ್ತಿದ್ದೆ. ಅವಳು ಹಾಲಿನವನ ಬಾಕಿ ಹೇಳುವ ಹಾಗೆ ಹೇಳಿದಳು. ನನಗೆ ಅಳು ಬಂತು. ಎದ್ದು ಹಿತ್ತಲಿಗೆ ಹೋದೆ.

ನನ್ನ ಸಾವನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ, ಕೆಮ್ಮಿದಾಗೆಲ್ಲ. ಆದರೆ ಅದರ ಮಾರನೆಯ ದಿನ ಬೆಳಿಗ್ಗೆ ಈ ಮನೆಯಲ್ಲಿ ಅವಳು ಎದ್ದು ಒಲೆ ಹಚ್ಚುವುದನ್ನು ಒಮ್ಮೆಯೂ ಯೋಚಿಸಿರಲಿಲ್ಲ.

15 ಜನವರಿ

ನಿನ್ನೆ ಸಂಕ್ರಾಂತಿ. ಎಳ್ಳುಬೆಲ್ಲಕ್ಕೆ ಕೊಬ್ಬರಿ ನಾನೇ ಹೆಚ್ಚಿದೆ. ದಪ್ಪ ದಪ್ಪ ಆಯಿತು. ಗಂಗುಲಮ್ಮ ಅದನ್ನೇ ಅಕ್ಕಪಕ್ಕದವರಿಗೆಲ್ಲ ಬೀರಿ, "ಯಜಮಾನ್ರು ಹೆಚ್ಚಿರೋದು, ಹಲ್ಲು ಹುಷಾರು," ಎಂದು ಹೇಳಿ ಬಂದಳಂತೆ.

ಇನ್ನು ಶೆಡ್ಡಿಗೆ ಹೋಗಬೇಡ ಎಂದೆ. "ಮೊದ್ಲು ಆ ಎರಡನೇ ಥರದ ಪಿಂಚಣಿ ಮಾಡ್ಸಿ," ಎಂದಳು. ಇವತ್ತೂ ಹೋದಳು. ಬಾಗಿಲಲ್ಲಿ ನಿಂತು ನೋಡಿದೆ. ತಡೆಯಲು ನನಗೆ ಯಾವ ಮುಖವಿದೆ?

20 ಫೆಬ್ರವರಿ

ಇಬ್ಬರೂ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆವು. ಉಳಿದ ಮೂರು ಲಕ್ಷದಲ್ಲಿ ಎರಡೂವರೆಯನ್ನು ವಿಮೆ ಕಂಪನಿಯ ಪಿಂಚಣಿಗೆ ಕಟ್ಟಿದೆ. ಮಿಕ್ಕದ್ದನ್ನು ಒಂದೇ ಫಂಡಿಗೆ ಹಾಕಿಸಿದೆ, ಇಬ್ಬರ ಹೆಸರಲ್ಲೂ. ಫಂಡು ಆರಿಸಿದವನು ನಾಗರಾಜ್. ನಾನು ಹಿಡಿ ತೋರಿಸು ಎನ್ನಲಿಲ್ಲ.

ಅವನು ಪಾಪ, ಕರ್ತವ್ಯ ಎಂದು ಮತ್ತೊಮ್ಮೆ ಹೇಳಿದ: "ಯಜಮಾನ್ರೆ, ಇದ್ರಲ್ಲಿ ತಿಂಗಳಿಗೆ ಕಮ್ಮಿ ಬರುತ್ತೆ."

"ಎಲ್ಲಿ ತನಕ ಬರುತ್ತೆ?"

"ನೀವಿರೋ ತನಕ. ಆಮೇಲೆ ಅಮ್ಮೋರು ಇರೋ ತನಕ."

"ಇನ್ನೊಂದ್ಸಲ ಹೇಳಪ್ಪ, ಅವಳಿಗೆ ಸರಿಯಾಗಿ ಕೇಳಿಸ್ಲಿ."

ಅವನು ಹೇಳಿದ. ಗಂಗುಲಮ್ಮ ಕಾಗದದ ಮೇಲೆ ನಿಧಾನವಾಗಿ ಒಂದೊಂದೇ ಅಕ್ಷರ ಬರೆದಳು. ಬಿರುಕುಬಿಟ್ಟ ಬೆರಳಲ್ಲಿ ಪೆನ್ನು ಜಾರುತ್ತಿತ್ತು. ಸಹಿ ಮುಗಿದ ಮೇಲೆ, "ಇಷ್ಟೇನಾ?" ಎಂದಳು. ಇಷ್ಟೇ ಎಂದೆ. ಇಷ್ಟಕ್ಕೆ ನಾನು ಒಂದು ವರ್ಷ ತೆಗೆದುಕೊಂಡೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಅವಳನ್ನು ಕೂರಿಸಿದೆ. ನಂದಿ ಬೆಟ್ಟದ ಕಡೆ ನೋಡುತ್ತಾ ಕೂತಿದ್ದವಳು ಇದ್ದಕ್ಕಿದ್ದ ಹಾಗೆ ತಿರುಗಿ, "ನಿಮ್ಮ ಡೈರೀಲಿ ಎಪ್ಪತ್ತೈದು ಅಂತ ಬರ್ಕೊಂಡಿದ್ದೀರಲ್ಲ, ಅದನ್ನ ಹೊಡೆದುಹಾಕಿ," ಎಂದಳು.

"ಈಗ ಅದಕ್ಕೇನಂತೆ? ನಿಂಗೆ ಬರೋ ಹಾಗೆ ಮಾಡಿದ್ದಾಯ್ತಲ್ಲ."

"ನಾನು ದುಡ್ಡಿಗೆ ಹೇಳ್ತಿಲ್ಲ," ಎಂದು ಮತ್ತೆ ಕಿಟಕಿಯ ಕಡೆ ತಿರುಗಿದಳು.

ನಾಳೆಯಿಂದ ಶೆಡ್ಡಿಗೆ ಹೋಗುವುದಿಲ್ಲವಂತೆ. ಕೋನಪ್ಪನಿಗೆ ಆಗಲೇ ಹೇಳಿಟ್ಟಿದ್ದಾಳೆ. ಅಂಚೆ ಕಚೇರಿಗೆ ಕಟ್ಟುವುದನ್ನು ಮಾತ್ರ ನಿಲ್ಲಿಸಬೇಡ, ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಡೋಣ, ಆ ದುಡ್ಡಲ್ಲಿ ಕಟ್ಟು ಎಂದೆ. "ಅದು ನಂದು, ನೀವು ಕೇಳಂಗಿಲ್ಲ," ಎಂದಳು. ಕೇಳುವುದಿಲ್ಲ.

19 ಮೇ

ಬೆಳಿಗ್ಗೆ ಕೋನಪ್ಪ ಓಡಿ ಬಂದ. ನಿನ್ನೆ ಶೇರು ಮಾರ್ಕೆಟ್ ಒಂದೇ ದಿನ ಎಲ್ಲೋ ಮೇಲೇರಿ ಹೋಗಿದೆಯಂತೆ, ನಿನ್ನ ಫಂಡು ಎಷ್ಟಾಯಿತು ನೋಡು ಎಂದ. ಆಮೇಲೆ ನೋಡೋಣ ಕೂತ್ಕೋ ಎಂದೆ. ಮಾವಿನಕಾಯಿ ಹೆಚ್ಚುತ್ತಿದ್ದೆ. ಈಗ ನನ್ನ ಹೋಳು ಒಂದೇ ಸಮ ಬರುತ್ತವೆ. ಆಮೇಲೆ ನೋಡುವುದು ಮರೆತೇಹೋಯಿತು.

ಗಂಗುಲಮ್ಮ ಉಪ್ಪು, ಖಾರ, ಸಾಸಿವೆ ಹಾಕಿ, ಸೌಟು ತೆಗೆದುಕೊಂಡಳು, ಒಂದು ಕ್ಷಣ ನಿಂತಳು, ಸೌಟು ಪಕ್ಕಕ್ಕಿಟ್ಟು ಬರಿಗೈ ಹಾಕಿದಳು. ಮೊಣಕೈ ತನಕ ಕಲಸಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಉರಿಯುತ್ತಾ ಎಂದು ಕೇಳಿದೆ.

"ಇಲ್ಲ," ಎಂದಳು. ಒಂದು ಹೋಳು ತೆಗೆದು ನನ್ನ ಬಾಯಿಗೆ ಹಾಕಿದಳು. ಖಾರಕ್ಕೆ ನನಗೆ ಕಣ್ಣಲ್ಲಿ ನೀರು ಬಂತು. ಕೋನಪ್ಪ ಗೋಡೆ ಕಡೆ ತಿರುಗಿ ಕೂತ.

ಅವನು ಹೋದ ಮೇಲೆ ಹಳೆ ಡೈರಿ ತೆಗೆದು ಹೋದ ವರ್ಷದ ಜನವರಿ ಒಂಬತ್ತರ ಪುಟ ಹುಡುಕಿದೆ. ಎಪ್ಪತ್ತೈದನ್ನು ಹೊಡೆದುಹಾಕಿ ಎಂಬತ್ತೈದು ಎಂದು ಬರೆದೆ. ಸ್ವಲ್ಪ ಹೊತ್ತು ನೋಡಿದೆ. ಅವತ್ತಿಗೆ ಅವಳಿಗೆ ಎಪ್ಪತ್ತಾರು. ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿಕೊಡಲು ಒಬ್ಬರು ಬೇಕಾಗುತ್ತದೆ. ಅದನ್ನೂ ಹೊಡೆದು ತೊಂಬತ್ತು ಎಂದು ಬರೆದೆ.